27 ಕೋಟಿ ಯಾರ ದುಡ್ಡು?

2024ರ ನವೆಂಬರ್ 24ರಂದು ಸೌದಿ ಅರೇಬಿಯಾದ ಜೆದ್ದಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಲಖನೌ ತಂಡ ರಿಷಭ್ ಪಂತ್ ಅವರನ್ನು 27 ಕೋಟಿ ರೂಪಾಯಿಗೆ ಕೊಂಡಿತು. ಅದೇ ವರ್ಷದ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಕೂತು ಈ ಎರಡೂ ಸುದ್ದಿ ಓದಿದ ತೆಂಗು ಬೆಳೆಗಾರ ಬೆರಳೆಣಿಕೆಯಲ್ಲೇ ಲೆಕ್ಕ ಹಾಕಿಬಿಡಬಲ್ಲ. ಪಂತ್ ಅವರ ಒಂದು ವರ್ಷದ ಐಪಿಎಲ್ ಸಂಭಾವನೆಯಷ್ಟು ದುಡ್ಡು ನೋಡಬೇಕಾದರೆ 22,500 ಕ್ವಿಂಟಲ್ ಕೊಬ್ಬರಿ ತೂಗಬೇಕು. ಕಾಯಿ ಕೆಡವಿ, ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಸುಲಿದು, ಕರಟ ಬಿಡಿಸಿ ಮಾರುಕಟ್ಟೆಗೆ ಒಯ್ಯುವ ಮಾಲು ಅದು. ಸೀಮೆಯ ಎಷ್ಟು ಅಟ್ಟಗಳನ್ನು ಬರಿದು ಮಾಡಿದರೆ ಅಷ್ಟು ಕೊಬ್ಬರಿ ಸಿಕ್ಕೀತು!

'ಬ್ಯಾಟು ಬೀಸೋದಕ್ಕೆ ಇಷ್ಟು ದುಡ್ಡು ಯಾಕೆ?' ಎಂಬ ಮಾತು ಪ್ರತಿ ಹರಾಜಿನ ಮರುದಿನ ಹೋಟೆಲ್ಲಿನ ಬೆಂಚಿನ ಮೇಲೆ, ಬಸ್ಸಿನಲ್ಲಿ, ಹಾಲಿನ ಡೇರಿಯ ಮುಂದೆ ಕೇಳಿಬರುತ್ತದೆ. ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸರಿಯಲ್ಲ. ಆ ಹರಾಜಾಗಿ ಎರಡು ತಿಂಗಳು ತುಂಬುವ ಮೊದಲೇ, 2025ರ ಜನವರಿಯಲ್ಲಿ, ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕುಳಿತರು. ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದರು. ಹಳ್ಳಿಯ ಹೆರಿಗೆ, ಬಾಣಂತನ, ಲಸಿಕೆ ಎಲ್ಲವನ್ನೂ ಹೊತ್ತವಳಿಗೆ ತಿಂಗಳಿಗೆ 10,000. ಒಂದು ಸಿಕ್ಸರಿಗೆ ಲಕ್ಷಗಟ್ಟಲೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಸಂಕಟವಾಗದಿದ್ದರೆ ಅದೇ ಆಶ್ಚರ್ಯ.

ಸಂಕಟ ನ್ಯಾಯವಾದದ್ದು. ಆದರೆ ಅದು ಬೆರಳು ತೋರಿಸುತ್ತಿರುವ ಮನುಷ್ಯ ಸರಿಯೇ ಎಂಬುದನ್ನು ನೋಡಬೇಕು. ಅದಕ್ಕೆ ಈ 27 ಕೋಟಿ ಎಲ್ಲಿಂದ ಬರುತ್ತದೆ, ಯಾರ ಕೈ ದಾಟಿ ಬರುತ್ತದೆ ಎಂಬ ಲೆಕ್ಕ ಗೊತ್ತಿರಬೇಕು.

ಆಟಗಾರರ ಗಳಿಕೆ ಜನರ ಕಣ್ಣು ಕುಕ್ಕಿದ್ದು ಇಂದು ನಿನ್ನೆಯಲ್ಲ. ರೋಮ್ ಸಾಮ್ರಾಜ್ಯದಲ್ಲಿ ಕ್ರಿ.ಶ. 2ನೇ ಶತಮಾನದಲ್ಲಿ ಗಾಯಸ್ ಅಪ್ಪುಲಿಯಸ್ ಡಯೋಕ್ಲಿಸ್ ಎಂಬ ರಥಿಕನಿದ್ದ. 24 ವರ್ಷ ರಥ ಓಡಿಸಿ, 4,257 ಪಂದ್ಯಗಳಲ್ಲಿ 1,462 ಗೆದ್ದು, ಮೂರೂವರೆ ಕೋಟಿಗೂ ಮೀರಿದ ಸೆಸ್ಟರ್ಸ್ ನಾಣ್ಯ ಗಳಿಸಿದನೆಂದು ಅವನ ಶಾಸನವೇ ಹೇಳುತ್ತದೆ. 1930ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಪಡೆದ 80,000 ಡಾಲರ್ ಸಂಬಳ ಅಲ್ಲಿನ ಅಧ್ಯಕ್ಷರ ಸಂಬಳಕ್ಕಿಂತ 5,000 ಹೆಚ್ಚಿತ್ತು. ಆಗ ಆ ದೇಶ ಮಹಾ ಆರ್ಥಿಕ ಕುಸಿತದ ಬಾಯಲ್ಲಿತ್ತು. ಅಲ್ಲಿಯೂ ಜನ ಇದೇ ಪ್ರಶ್ನೆ ಕೇಳಿದರು.

ಹಾರನಹಳ್ಳಿಯ ರೈತನಿಗೆ ಈ ಪ್ರಶ್ನೆಯ ಮೊದಲ ಉತ್ತರ ಕೊಬ್ಬರಿ ಮಾರುಕಟ್ಟೆಯಲ್ಲೇ ಸಿಗುತ್ತದೆ. 2023ರಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು, 2024ರ ಆರಂಭದಲ್ಲಿ ಬೆಂಬಲ ಬೆಲೆಯ ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ಸರದಿ ನಿಂತರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಮರ ಅದೇ, ಅಟ್ಟ ಅದೇ, ಸುಲಿಯುವ ಕೈಯೂ ಅದೇ. ರೈತನ ಶ್ರಮ ಎರಡು ವರ್ಷದಲ್ಲಿ ಎರಡು ಪಟ್ಟಾಗಲಿಲ್ಲ, ಬೆಲೆ ಮಾತ್ರ ಆಯಿತು. ಮಾರುಕಟ್ಟೆ ಎಂದೂ ಬೆವರನ್ನು ತೂಗುವುದಿಲ್ಲ. ಎಷ್ಟು ಮಂದಿಗೆ ಬೇಕು, ಎಷ್ಟು ಸಿಗುತ್ತದೆ ಎಂಬುದನ್ನಷ್ಟೇ ತೂಗುತ್ತದೆ.

ಆಟಗಾರನ ವಿಷಯದಲ್ಲಿ ಈ ತಕ್ಕಡಿಗೆ ಇನ್ನೊಂದು ವಿಚಿತ್ರ ಗುಣ ಸೇರಿಕೊಳ್ಳುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1981ರಲ್ಲಿ ಅದನ್ನು ವಿವರಿಸಿದರು. ಹಳ್ಳಿಯ ಮೇಷ್ಟರು ಎಷ್ಟೇ ಚೆನ್ನಾಗಿ ಪಾಠ ಹೇಳಿದರೂ ಒಂದು ಕೊಠಡಿಯಲ್ಲಿ ಕೂರುವ ಮಕ್ಕಳು ನಲವತ್ತು, ಹೆಚ್ಚೆಂದರೆ ಐವತ್ತು. ಬುಮ್ರಾ ಹಾಕುವ ಒಂದು ಯಾರ್ಕರನ್ನು ಅದೇ ಕ್ಷಣದಲ್ಲಿ ಹಾರನಹಳ್ಳಿಯಲ್ಲೂ ದುಬೈಯಲ್ಲೂ ಕೋಟಿಗಟ್ಟಲೆ ಜನ ನೋಡುತ್ತಾರೆ. ನೋಡುವವರು ಹೆಚ್ಚಾದರೆಂದು ಬುಮ್ರಾ ಇನ್ನೊಂದು ಚೆಂಡು ಹೆಚ್ಚಿಗೆ ಎಸೆಯಬೇಕಿಲ್ಲ. ಅಲ್ಲದೆ ಎಲ್ಲರೂ ನೋಡಬಯಸುವುದು ಅತ್ಯುತ್ತಮನನ್ನೇ. ಎರಡನೆಯವನು ಕೂದಲೆಳೆಯಷ್ಟು ಹಿಂದಿದ್ದರೂ ಅವನ ಬೆಲೆ ಎಷ್ಟೋ ಪಟ್ಟು ಇಳಿಯುತ್ತದೆ. ಪ್ರತಿಭೆಯ ಅಂತರ ಸಣ್ಣದು, ಹಣದ ಅಂತರ ದೊಡ್ಡದು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಈ ಲೇಖನದ ಕಷ್ಟವೆಲ್ಲ ಅಲ್ಲೇ ಇದೆ.

ಈಗ ಹಣದ ಮೂಲ. 2023ರಿಂದ 2027ರವರೆಗಿನ ಐದು ವರ್ಷದ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಒಟ್ಟು 410 ಪಂದ್ಯ ಎಂಬ ಲೆಕ್ಕ ಇಟ್ಟುಕೊಂಡರೆ ಪಂದ್ಯವೊಂದಕ್ಕೆ 118 ಕೋಟಿ. ಪ್ರಸಾರ ಕಂಪನಿ ಅದನ್ನು ಜಾಹೀರಾತಿನಿಂದ, ಚಂದಾದಿಂದ ವಸೂಲು ಮಾಡುತ್ತದೆ. ಜಾಹೀರಾತಿನ ಖರ್ಚು ನಾವು ಕೊಳ್ಳುವ ಸೋಪಿನ, ಸಿಮೆಂಟಿನ, ಮೊಬೈಲ್ ರೀಚಾರ್ಜಿನ ಬೆಲೆಯಲ್ಲಿ ಸೇರಿರುತ್ತದೆ. ಅಂದರೆ ಆ 27 ಕೋಟಿಯಲ್ಲಿ ಹಾರನಹಳ್ಳಿಯ ನಾಲ್ಕಾಣೆಯೂ ಇದೆ. ಆಶಾ ಕಾರ್ಯಕರ್ತೆಯ ಗೌರವಧನ ಬರುವುದು ಬೇರೆ ಗಂಟಿನಿಂದ; ಅದನ್ನು ನಿರ್ಧರಿಸುವುದು ಸರ್ಕಾರ. ನಾಳೆ ಪಂತ್ ಅವರ ಸಂಭಾವನೆ ಅರ್ಧಕ್ಕಿಳಿದರೆ ಆಕೆಯ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಆ ಹಣ ತಂಡದ ಮಾಲೀಕನ ಜೇಬಿನಲ್ಲಿ ಉಳಿಯುತ್ತದೆ, ಅಷ್ಟೆ. ಆಕೆಗೆ ಆಗುತ್ತಿರುವ ಅನ್ಯಾಯಕ್ಕೆ ವಿಧಾನಸೌಧವನ್ನು ಕೇಳಬೇಕು, ಕ್ರಿಕೆಟ್ ಮೈದಾನವನ್ನಲ್ಲ.

ಅಮೆರಿಕದ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಈ ವಾದವನ್ನು ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್ ಹೆಸರಿನಲ್ಲಿ ಮುಂದಿಟ್ಟರು. ಆಟ ನೋಡಲು ಬಂದ ಪ್ರತಿಯೊಬ್ಬನೂ ಟಿಕೆಟ್ಟಿನ ಜೊತೆಗೆ 25 ಸೆಂಟನ್ನು ಚೇಂಬರ್ಲೇನ್ ಹೆಸರಿನ ಡಬ್ಬಿಗೆ ತಾನಾಗಿ ಹಾಕುತ್ತಾನೆ. ಹತ್ತು ಲಕ್ಷ ಜನ ಬಂದರೆ ಅವನಿಗೆ ಎರಡೂವರೆ ಲಕ್ಷ ಡಾಲರ್. ಯಾರನ್ನೂ ಬಲವಂತ ಮಾಡಿಲ್ಲ, ಯಾರಿಗೂ ಮೋಸವಾಗಿಲ್ಲ. ಹಾಗಾದರೆ ಅವನ ಶ್ರೀಮಂತಿಕೆ ತಪ್ಪಾಗುವುದು ಹೇಗೆ? ಇದು ಬಲವಾದ ವಾದ. ನಾನು ಇದನ್ನು ಬಹುಪಾಲು ಒಪ್ಪುತ್ತೇನೆ. ಡಬ್ಬಿಗೆ ಬಿದ್ದ ಹಣ ಆಟಗಾರನಿಗೆ ಸೇರದಿದ್ದರೆ ಇನ್ನೊಬ್ಬನಿಗೆ ಸೇರುತ್ತದೆ. ಆ ಇನ್ನೊಬ್ಬ ಮೈದಾನಕ್ಕಿಳಿದವನಂತೂ ಅಲ್ಲ.

ನಮ್ಮ ಐಪಿಎಲ್ ಡಬ್ಬಿಯಲ್ಲಿ ಆಟಗಾರರಿಗೆ ಸಿಗುವ ಪಾಲೆಷ್ಟು ಎಂದು ನೋಡಿದರೆ ಲೆಕ್ಕವೇ ತಿರುಗುಮುರುಗಾಗುತ್ತದೆ. 2025ರಲ್ಲಿ ಪ್ರತಿ ಐಪಿಎಲ್ ತಂಡ ಆಟಗಾರರಿಗೆ ಖರ್ಚು ಮಾಡಬಹುದಾಗಿದ್ದ ಒಟ್ಟು ಮೊತ್ತ, ಪಂದ್ಯ ಶುಲ್ಕವೂ ಸೇರಿ, 146 ಕೋಟಿ. ಹತ್ತು ತಂಡಕ್ಕೆ 1,460 ಕೋಟಿ. ಪ್ರಸಾರ ಹಕ್ಕಿನ ವರ್ಷದ ಸರಾಸರಿ ಆದಾಯವೇ 9,678 ಕೋಟಿ. ಟಿಕೆಟ್ಟು, ಪ್ರಾಯೋಜಕರ ಹಣ ಬೇರೆ. ಪ್ರಸಾರದ ಹಣವೊಂದನ್ನೇ ಲೆಕ್ಕಕ್ಕೆ ಹಿಡಿದರೂ ಆಟಗಾರರೆಲ್ಲ ಸೇರಿ ಪಡೆಯುವುದು ಶೇ 15ರಷ್ಟು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲಿನಲ್ಲಿ ಆದಾಯದ ಸರಿಸುಮಾರು ಅರ್ಧ ಆಟಗಾರರದು. ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬುಗಳು ಗಳಿಸಿದ್ದರಲ್ಲಿ ಅರ್ಧಕ್ಕೂ ಮಿಗಿಲನ್ನು ಸಂಬಳಕ್ಕೆ ಸುರಿಯುತ್ತವೆ. ನಮ್ಮ ಆಟಗಾರ ಅತಿಯಾಗಿ ಪಡೆಯುತ್ತಿದ್ದಾನೆ ಎಂದು ನಾವು ಗೊಣಗುತ್ತಿರುವಾಗ ಆತ ದುಡಿದು ತಂದದ್ದರಲ್ಲಿ ಆತನಿಗೆ ದಕ್ಕುತ್ತಿರುವುದು ಚಿಕ್ಕ ಪಾಲು.

ಆ ಅರ್ಧ ಪಾಲು ಅಲ್ಲಿನ ಆಟಗಾರರಿಗೆ ಸುಮ್ಮನೆ ಬರಲಿಲ್ಲ. ಇಂಗ್ಲೆಂಡಿನಲ್ಲಿ 1961ರವರೆಗೂ ಫುಟ್ಬಾಲ್ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ತುಂಬಿದ ಮೈದಾನದ ಹಣವೆಲ್ಲ ಕ್ಲಬ್ಬಿಗೆ. ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ ಆ ಮಿತಿ ಹೋಯಿತು. ನಮ್ಮಲ್ಲಿ 1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಾಗ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಸಂಗ್ರಹಿಸಿಕೊಟ್ಟ ಹಣದಿಂದ ಪ್ರತಿ ಆಟಗಾರನಿಗೆ 1 ಲಕ್ಷ ರೂಪಾಯಿ ಸಂದಿತು. ನಮ್ಮ ಸಯ್ಯದ್ ಕಿರ್ಮಾನಿ, ರೋಜರ್ ಬಿನ್ನಿ ಆ ತಂಡದಲ್ಲಿದ್ದರು. ಟಿವಿ ಹಣ ಹರಿದುಬಂದ ಮೇಲೆ, ಈ ಶತಮಾನದ ಆರಂಭದಲ್ಲಿ, ಮಂಡಳಿಯ ಒಟ್ಟು ಆದಾಯದಲ್ಲಿ ಆಟಗಾರರಿಗೆ ಶೇ 26 ಎಂಬ ಸೂತ್ರ ಬಂತು. ಅದಕ್ಕಾಗಿ ಮಂಡಳಿಯ ಎದುರು ಕೂತು ಮಾತಾಡಿದವರಲ್ಲಿ ಮುಂದೆ ನಿಂತವರು ಅನಿಲ್ ಕುಂಬ್ಳೆ. ಆ ಸೂತ್ರದ ನಿಜವಾದ ಬೆಲೆ ಒಂದು ಸಂಗತಿಯಲ್ಲಿದೆ. ಅದರಲ್ಲಿ ದೇಶೀ ಆಟಗಾರರಿಗೂ, ಕಿರಿಯರಿಗೂ ಪಾಲಿತ್ತು. ತಾರೆಯರು ತಮಗಾಗಿ ಕೇಳುವಾಗ ರಣಜಿ ಆಡುವವನನ್ನೂ ಜೊತೆಗೆ ಎಳೆದುಕೊಂಡರು. ಇಷ್ಟಾಗಿಯೂ ಇವತ್ತಿಗೂ ನಮ್ಮಲ್ಲಿ ಹಾಲಿ ಆಟಗಾರರ ಸಂಘ ಇಲ್ಲ. 2019ರಲ್ಲಿ ಹುಟ್ಟಿದ ಭಾರತೀಯ ಕ್ರಿಕೆಟಿಗರ ಸಂಸ್ಥೆ ನಿವೃತ್ತರದು.

ಇಲ್ಲಿಯವರೆಗೆ ಬಂದವರು ಸಾಮಾನ್ಯವಾಗಿ 'ಹಾಗಾದರೆ ಅವರಿಗೆ ಅರ್ಹತೆ ಇದೆ' ಎಂದು ಮಾತು ಮುಗಿಸುತ್ತಾರೆ. ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಹಣ ಅವರಿಗೆ ಸೇರಬೇಕಾದದ್ದು ಎಂಬುದು ಒಂದು ಮಾತು, ಅಷ್ಟೂ ಹಣ ಅವರ ಯೋಗ್ಯತೆಗೇ ಬಂತು ಎಂಬುದು ಇನ್ನೊಂದು. ಹಾರ್ವರ್ಡಿನ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ಕೇಳಿದ ಪ್ರಶ್ನೆ ಇದೇ: ಹುಟ್ಟಿನಿಂದ ಬಂದ ಕಸುವು, ಅದಕ್ಕೆ ಬೆಲೆ ಕಟ್ಟುವ ಕಾಲದಲ್ಲಿ ಹುಟ್ಟಿದ ಅದೃಷ್ಟ, ಇವೆರಡನ್ನೂ ನಾನೇ ಗಳಿಸಿದೆ ಎಂದು ಯಾರು ಹೇಳಬಲ್ಲರು?

ಹಾರನಹಳ್ಳಿಯಲ್ಲೇ ನಿಂತು ಇದನ್ನು ಯೋಚಿಸಬಹುದು. 1230ರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಸೋದರರು ಇಲ್ಲಿ ಚೆನ್ನಕೇಶವ ಮತ್ತು ಸೋಮೇಶ್ವರ ದೇವಾಲಯಗಳನ್ನು ಕಟ್ಟಿಸಿದರು. ಆ ಕಾಲದ ಹಣವಂತರ ಹೆಚ್ಚುವರಿ ಹಣ ಹರಿದದ್ದು ಕಲ್ಲಿನ ಕಡೆಗೆ. ಬಳಪದ ಕಲ್ಲಿನಲ್ಲಿ ಬಳ್ಳಿ ಬಿಡಿಸಬಲ್ಲ ಕೈಗೆ ಬೇಡಿಕೆ ಇತ್ತು; ಬೇಲೂರಿನಲ್ಲಿ ಕೆತ್ತಿದ ದಾಸೋಜ, ಚಾವಣರಂಥವರು ತಮ್ಮ ಹೆಸರನ್ನೇ ಕಲ್ಲಿನ ಮೇಲೆ ಕೊರೆಯುವಷ್ಟು ಗೌರವ ಪಡೆದರು. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆಯಬಲ್ಲ ಭುಜ ಅಂದು ಹುಟ್ಟಿದ್ದರೆ ಕವಣೆ ಬೀಸಿ ಹೊಲ ಕಾಯುತ್ತಿತ್ತೇನೋ. ಸಮಾಜ ಯಾವ ಕೈಗೆ ಬೆಲೆ ಕಟ್ಟುತ್ತದೆ ಎಂಬುದು ಆ ಕೈಯ ತೀರ್ಮಾನವಲ್ಲ.

ಕಾಲದ ಮಾತು ಹಾಗಿರಲಿ, ಒಂದೇ ಕಾಲದಲ್ಲಿ ಬೇರೆ ಬೇರೆ ಆಟ ಆರಿಸಿಕೊಂಡವರ ಪಾಡು ನೋಡಿ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಒಂದೇ ಒಂದು ಪದಕ ಅದು. ಅವರ ಆಟಕ್ಕೆ ಹರಾಜಿಲ್ಲ, ಪ್ರಸಾರ ಹಕ್ಕಿಲ್ಲ. ಅವರಂಥವರ ಬದುಕು ನಿಂತಿರುವುದು ಸರ್ಕಾರದ ಬಹುಮಾನ ಮತ್ತು ಉದ್ಯೋಗದ ಮೇಲೆ. ಕಬಡ್ಡಿಗೆ ಟಿವಿ ಬಂದದ್ದು 2014ರಲ್ಲಿ. ಆ ವರ್ಷದ ಪ್ರೊ ಕಬಡ್ಡಿ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. 2023ರಲ್ಲಿ ಪವನ್ ಸೆಹ್ರಾವತ್‌ಗೆ ಸಿಕ್ಕಿದ್ದು 2.60 ಕೋಟಿ. ಒಂಬತ್ತು ವರ್ಷಗಳಲ್ಲಿ ಕಬಡ್ಡಿ ಇಪ್ಪತ್ತು ಪಟ್ಟು ಕಷ್ಟದ ಆಟವಾಯಿತೇ? ಕ್ಯಾಮೆರಾ ಬಂತು. ಖೊಖೊಗೆ ಕ್ಯಾಮೆರಾ ಇನ್ನೂ ಸರಿಯಾಗಿ ಬಂದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ತಂಡಗಳಲ್ಲಿ ಕರ್ನಾಟಕದ ಗೌತಮ್ ಮತ್ತು ಚೈತ್ರಾ ಇದ್ದರು. ರಾಜ್ಯ ಸರ್ಕಾರ ತಲಾ 5 ಲಕ್ಷ ಪ್ರಕಟಿಸಿದಾಗ ಅವರು ಬೇಡವೆಂದರು. ಅದೇ ತಂಡಗಳ ಮಹಾರಾಷ್ಟ್ರದ ಆಟಗಾರರಿಗೆ ತಲಾ 2.25 ಕೋಟಿ ಮತ್ತು ಸರ್ಕಾರಿ ಹುದ್ದೆ ಪ್ರಕಟವಾಗಿತ್ತು. ಅವರನ್ನು ದುರಾಸೆಯವರು ಎಂದವರಿದ್ದರು. ನನಗಂತೂ ಅದು ಸ್ವಾಭಿಮಾನವಾಗಿ ಕಂಡಿತು.

ಅರಸೀಕೆರೆಯಿಂದ ರೈಲು ಹಿಡಿದರೆ ಬಾಣಾವರ ದಾಟಿ ಸ್ವಲ್ಪ ಹೊತ್ತಿಗೆ ಕಡೂರು. ಅಲ್ಲಿಯ ವೇದಾ ಕೃಷ್ಣಮೂರ್ತಿ 48 ಏಕದಿನ, 76 ಟಿ20 ಪಂದ್ಯಗಳಲ್ಲಿ ಭಾರತದ ಪರ ಆಡಿದರು. 2017ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್ಲಿನಲ್ಲೂ, 2020ರ ಮಾರ್ಚ್ 8ರಂದು ಮೆಲ್ಬರ್ನ್‌ನ ಟಿ20 ವಿಶ್ವಕಪ್ ಫೈನಲ್ಲಿನಲ್ಲೂ ಅವರಿದ್ದರು. ಆಗ ಮಹಿಳೆಯರಿಗೆ ಏಕದಿನವಾಗಲಿ ಟಿ20 ಆಗಲಿ ಪಂದ್ಯ ಶುಲ್ಕ 1 ಲಕ್ಷ. ಪುರುಷರಿಗೆ ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. 2022ರ ಅಕ್ಟೋಬರಿನಲ್ಲಿ ಇಬ್ಬರಿಗೂ ಶುಲ್ಕ ಸಮವಾಯಿತು. ಅಷ್ಟರಲ್ಲಿ ವೇದಾ ಅವರ ಭಾರತ ತಂಡದ ದಿನಗಳು ಮುಗಿದಿದ್ದವು. 2025ರ ನವೆಂಬರಿನಲ್ಲಿ ವಿಶ್ವಕಪ್ ಗೆದ್ದ ಮಹಿಳಾ ತಂಡಕ್ಕೆ ಮಂಡಳಿ 51 ಕೋಟಿ ಪ್ರಕಟಿಸಿದಾಗ ನನಗೆ ಮೊದಲು ನೆನಪಾದದ್ದು, ಈ ದಾರಿಯನ್ನು 1 ಲಕ್ಷದ ಶುಲ್ಕದಲ್ಲಿ ಸವೆಸಿದ ಆ ಹೆಣ್ಣುಮಕ್ಕಳು.

ಇನ್ನು ಅರಸೀಕೆರೆ ತಾಲ್ಲೂಕಿನ ನಂಟಿರುವ ಇಬ್ಬರು ವೇಗಿಗಳ ಕಥೆ. ಸಂಭಾವನೆಯ ಪ್ರಶ್ನೆಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಜಾವಗಲ್ ಅರಸೀಕೆರೆ ತಾಲ್ಲೂಕಿನ ಊರು, ಹಳೇಬೀಡಿಗೆ ಹತ್ತಿರ. ಆ ಊರಿನ ಹೆಸರನ್ನು ಜಗತ್ತಿನ ಕ್ರಿಕೆಟ್ ವೀಕ್ಷಕ ವಿವರಣೆಗಾರರೆಲ್ಲ ಉಚ್ಚರಿಸುವಂತೆ ಮಾಡಿದವರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಶ್ರೀನಾಥ್. 67 ಟೆಸ್ಟುಗಳಲ್ಲಿ 236 ವಿಕೆಟ್, 229 ಏಕದಿನಗಳಲ್ಲಿ 315 ವಿಕೆಟ್. 1999ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್ ಕಿತ್ತರೂ ಭಾರತ ಸೋತ ಪಂದ್ಯವನ್ನು ನೋಡಿದವರು ಮರೆಯಲಾರರು. ನಿರ್ಜೀವ ಪಿಚ್ಚುಗಳ ಮೇಲೆ ದಶಕಕ್ಕೂ ಹೆಚ್ಚು ಕಾಲ ಓಡಿ ಓಡಿ ಬೌಲ್ ಮಾಡಿದ ಆ ಮೈ ಎಷ್ಟು ಸವೆದಿರಬೇಕು! 2003ರ ವಿಶ್ವಕಪ್ ಫೈನಲ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. 2006ರಿಂದ ಐಸಿಸಿಯ ಮ್ಯಾಚ್ ರೆಫ್ರಿ.

ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ, 1971ರ ಅಕ್ಟೋಬರ್ 16ರಂದು. ಶ್ರೀನಾಥ್‌ಗಿಂತ ಎರಡು ವರ್ಷ ಚಿಕ್ಕವರು. 1995-96ರ ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 10 ವಿಕೆಟ್ ಪಡೆದರು. 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟಿಗೆ ಶ್ರೀನಾಥ್ ಗಾಯದಿಂದ ಹೊರಗುಳಿದಾಗ ಜಾನ್ಸನ್‌ಗೆ ಕರೆ ಬಂತು. ಮೈಕೆಲ್ ಸ್ಲೇಟರ್ ಅವರ ವಿಕೆಟ್ ಪಡೆದರು. ಆ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಜೊತೆ ಅವರೂ ವೇಗದ ಬೌಲಿಂಗ್ ಪಾಳಿಯಲ್ಲಿದ್ದರು. ಅರಸೀಕೆರೆ ತಾಲ್ಲೂಕಿನ ನಂಟಿದ್ದ ಇಬ್ಬರು ಒಂದೇ ಟೆಸ್ಟಿನಲ್ಲಿ ಭಾರತದ ಪರ ವೇಗದ ಬೌಲಿಂಗ್ ಮಾಡಿದರು ಎಂದರೆ ಈಗಲೂ ರೋಮಾಂಚನವಾಗುತ್ತದೆ. ಆ ಪಂದ್ಯದಲ್ಲಿ ಭಾರತ 100 ಮತ್ತು 66 ರನ್ನಿಗೆ ಮುಗಿಯಿತು. ಜಾನ್ಸನ್‌ಗೆ ಹರ್ಷೆಲ್ ಗಿಬ್ಸ್ ಮತ್ತು ಬ್ರಯಾನ್ ಮೆಕ್‌ಮಿಲನ್ ವಿಕೆಟ್ ಸಿಕ್ಕವು. ಆಮೇಲೆ ಅವರಿಗೆ ಮತ್ತೊಂದು ಟೆಸ್ಟ್ ಸಿಗಲಿಲ್ಲ.

ಎರಡು ಟೆಸ್ಟು, ಮೂರು ವಿಕೆಟ್ಟು. ಪ್ರಥಮ ದರ್ಜೆಯಲ್ಲಿ 39 ಪಂದ್ಯ, 125 ವಿಕೆಟ್ಟು. ಕರ್ನಾಟಕ ರಣಜಿ ಗೆದ್ದ ಸುವರ್ಣ ದಿನಗಳಲ್ಲಿ ಅವರು ಆ ತಂಡದ ವೇಗಿ. ಇವತ್ತು ಹೊಸ ರಣಜಿ ಆಟಗಾರನಿಗೂ ಆಡುವ ಹನ್ನೊಂದರಲ್ಲಿದ್ದರೆ ದಿನಕ್ಕೆ 40,000 ರೂಪಾಯಿ. ಅವರ ಕಾಲದಲ್ಲಿ ಅದರ ಹತ್ತಿರಕ್ಕೂ ಬಾರದ ಶುಲ್ಕ. ಐಪಿಎಲ್ ಶುರುವಾದ 2008ಕ್ಕೆ ಅವರಿಗೆ 36 ವರ್ಷ ತುಂಬಿತ್ತು. ಮುಂದೆ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಮತ್ತೆ ಚೆಂಡು ಹಿಡಿದರು, ಮಕ್ಕಳಿಗೆ ತರಬೇತಿ ಕೊಟ್ಟರು. 2024ರ ಜೂನ್ 20ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗಿನ್ನೂ 52 ವರ್ಷ.

ಶ್ರೀನಾಥ್ ಶ್ರೇಷ್ಠ ಬೌಲರ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾರತದಂಥ ದೇಶದಲ್ಲಿ ಟೆಸ್ಟ್ ಆಡುವ ಹನ್ನೊಂದು ಮಂದಿಯಲ್ಲಿ ಒಬ್ಬರಾದ ವೇಗಿಗೂ ಅವರಿಗೂ ಇದ್ದ ಅಂತರ, ಅವರಿಬ್ಬರ ಮುಂದಿನ ಬದುಕುಗಳ ನಡುವಿನ ಅಂತರದಷ್ಟು ದೊಡ್ಡದಾಗಿತ್ತೇ? ಕೂದಲೆಳೆಯ ಅಂತರವನ್ನು ಕಂದಕವಾಗಿಸುವುದು ಈ ಮಾರುಕಟ್ಟೆಯ ಸ್ವಭಾವ ಎಂದು ರೋಸೆನ್ ಹೇಳಿದ್ದು ಪುಸ್ತಕದಲ್ಲಿ ಓದಲು ಸುಲಭ. ಅರಸೀಕೆರೆಯಲ್ಲಿ ಹುಟ್ಟಿದ ಹುಡುಗನ ಬದುಕಿನಲ್ಲಿ ಅದನ್ನು ನೋಡುವುದು ಕಷ್ಟ.

ಹಿಂದೆ ಈ ಕಂದಕಕ್ಕೆ ಒಂದು ಸೇತುವೆ ಇತ್ತು. ಎಚ್‌ಎಎಲ್, ಐಟಿಐ, ಬಿಇಎಲ್ ಕಾರ್ಖಾನೆಗಳು, ಬ್ಯಾಂಕುಗಳು ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಬೆಳಿಗ್ಗೆ ಸಹಿ, ಮಧ್ಯಾಹ್ನ ಅಭ್ಯಾಸ, ತಿಂಗಳಿಗೆ ಸಂಬಳ, ನಿವೃತ್ತಿಯವರೆಗೂ ನೌಕರಿ. ಯಾರೂ ಕೋಟ್ಯಧೀಶರಾಗಲಿಲ್ಲ; ಹಾಗೆಯೇ ಮೊಣಕಾಲು ಕೆಟ್ಟ ಮಾತ್ರಕ್ಕೆ ಯಾರೂ ಬೀದಿಗೆ ಬೀಳಲಿಲ್ಲ. ಅರಸೀಕೆರೆ ಜಂಕ್ಷನ್ ಊರು, ಇಲ್ಲಿಯವರಿಗೆ ರೈಲ್ವೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಆ ರೈಲ್ವೆಯೇ ಇಂದಿಗೂ ದೇಶದಲ್ಲಿ ಆಟಗಾರರಿಗೆ ಅತಿ ಹೆಚ್ಚು ನೌಕರಿ ಕೊಡುವ ಸಂಸ್ಥೆ. ಮಹೇಂದ್ರ ಸಿಂಗ್ ಧೋನಿ ಖರಗ್‌ಪುರದಲ್ಲಿ ಟಿಕೆಟ್ ತಪಾಸಕರಾಗಿದ್ದದ್ದು ಎಲ್ಲರಿಗೂ ಗೊತ್ತು. ರೈಲ್ವೆ, ಪೊಲೀಸ್, ಸೇನೆ ಬಿಟ್ಟರೆ ಉಳಿದ ಬಾಗಿಲುಗಳು ಒಂದೊಂದಾಗಿ ಕಿರಿದಾದವು. ಸಾರ್ವಜನಿಕ ಕಾರ್ಖಾನೆಗಳು ಸೊರಗಿದವು. ಅವುಗಳ ಜಾಗಕ್ಕೆ ಬಂದದ್ದು ಹರಾಜು. 2024ರ ಆ ಹರಾಜಿಗೆ ಹೆಸರು ಕೊಟ್ಟವರು 1,574 ಮಂದಿ, ಬೆಲೆ ಸಿಕ್ಕಿದ್ದು 182 ಮಂದಿಗೆ. ಉಳಿದವರಿಗೆ ರಣಜಿ ಇದ್ದರೆ ರಣಜಿ: ಏಳು ಲೀಗ್ ಪಂದ್ಯ, ತಲಾ ನಾಲ್ಕು ದಿನ, ಎಲ್ಲ ಪಂದ್ಯ ಆಡಿದರೆ 11.2 ಲಕ್ಷ. ಕಡಿಮೆಯೇನಲ್ಲ. ಆದರೆ ಬೆರಳು ಮುರಿದು ಎರಡು ಪಂದ್ಯ ತಪ್ಪಿದರೆ ಆ ದಿನಗಳ ಹಣ ಹೋಯಿತು. ಮುಂದಿನ ವರ್ಷ ಆಯ್ಕೆಯಾಗದಿದ್ದರೆ ಸೊನ್ನೆ. 17ನೇ ವಯಸ್ಸಿಗೆ ಓದು ಬಿಟ್ಟು 32ಕ್ಕೆ ಆಟ ಮುಗಿಸಿದವನ ಕೈಯಲ್ಲಿ ಬೇರೆ ಕಸುಬಿರುವುದಿಲ್ಲ.

ಮಂಡಳಿ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಜಿ ಟೆಸ್ಟ್ ಆಟಗಾರರ ತಿಂಗಳ ಪಿಂಚಣಿಯನ್ನು 2022ರಲ್ಲಿ 37,500ರಿಂದ 60,000ಕ್ಕೆ ಏರಿಸಿತು. ಪ್ರಥಮ ದರ್ಜೆಯಲ್ಲಿ ನಿಗದಿತ ಸಂಖ್ಯೆಯ ಪಂದ್ಯ ಆಡಿದವರಿಗೂ ಪಿಂಚಣಿ ಇದೆ. ನಿಗದಿತ ಸಂಖ್ಯೆ ಮುಟ್ಟುವ ಮೊದಲೇ ಸೊಂಟ ಮುರಿದುಕೊಂಡವನ ಮಾತೇನು? ಹದಿನೈದು ಪಂದ್ಯ ಆಡಿ ಮರೆಯಾದ ವೇಗಿಯ ಮಾತೇನು? ಎರಡನೆಯ, ಮೂರನೆಯ ಸಾಲಿನವರು ನೆಟ್ಸ್‌ನಲ್ಲಿ ಬೆವರು ಹರಿಸದಿದ್ದರೆ ಮೊದಲ ಸಾಲಿನವನು ತಯಾರಾಗುವುದೇ ಇಲ್ಲ. 27 ಕೋಟಿಯ ಆಟಗಾರನನ್ನು ರೂಪಿಸುವುದರಲ್ಲಿ ಹೆಸರಿಲ್ಲದ ಇಷ್ಟೊಂದು ಜನರ ಕೈ ಇದೆ.

ಹಣದ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ಎಷ್ಟು ಬಂತು ಎಂಬುದಕ್ಕಿಂತ ಎಂಥದ್ದು ಬಂತು ಎಂಬುದು. 2023ರಿಂದ ಭಾರತ ತಂಡದ ಜೆರ್ಸಿಯ ಮೇಲೆ ಡ್ರೀಮ್11 ಹೆಸರಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದ ಮೇಲೆ ಆ ಒಪ್ಪಂದ ಮುರಿಯಿತು. ಅಷ್ಟು ವರ್ಷ ನಮ್ಮ ನೆಚ್ಚಿನ ಆಟಗಾರರೇ ಟಿವಿಯಲ್ಲಿ ಬಂದು ತಂಡ ಕಟ್ಟಿ, ಹಣ ಗೆಲ್ಲಿ ಎಂದು ಕರೆದರು. ಹಳ್ಳಿಯ ಹುಡುಗರು ಕೊಬ್ಬರಿ ಮಾರಿದ ದುಡ್ಡನ್ನು, ಹಾಲಿನ ಬಟವಾಡೆಯನ್ನು ಮೊಬೈಲಿಗೆ ಸುರಿದರು. ಪಾನ್ ಮಸಾಲೆ ಕಂಪನಿಗಳು ಏಲಕ್ಕಿಯ ಹೆಸರಿನಲ್ಲಿ ಮಾಡುವ ಜಾಹೀರಾತುಗಳದ್ದೂ ಇದೇ ಜಾತಿ. ಆಡಿ ಗಳಿಸಿದ ಕೋಟಿಯನ್ನು ನಾನು ಪ್ರಶ್ನಿಸುವುದಿಲ್ಲ. ಅಭಿಮಾನಿಯ ಚಟದಿಂದ ಗಳಿಸಿದ ಕೋಟಿಗೆ ಯಾವ ಆಟಗಾರನೂ ಅರ್ಹನಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಪಂತ್ ಅವರ 27 ಕೋಟಿಯನ್ನು ಕಿತ್ತುಕೊಳ್ಳುವುದರಿಂದ ಹಾರನಹಳ್ಳಿಗೆ ಯಾವ ಲಾಭವೂ ಇಲ್ಲ. ಆ ಹಣ ತಂದವರು ಅವರೇ, ಅದು ಅವರಿಗೇ ಸೇರಲಿ. ಆದರೆ ಡಬ್ಬಿಯ ಬಹುಪಾಲು ಆಟಗಾರರ ಆಚೆಗೆ ಉಳಿದಿದೆಯಲ್ಲ, ಅದರ ಮೇಲೆ ಈ ಆಟವನ್ನು ಹೊತ್ತು ನಿಂತ ಉಳಿದವರಿಗೂ ಹಕ್ಕಿದೆ. ಐಪಿಎಲ್ ಪ್ರಸಾರ ಹಕ್ಕಿನ ಒಂದು ವರ್ಷದ ಆದಾಯದಲ್ಲಿ ಶೇ 1 ಎಂದರೆ ಸುಮಾರು 97 ಕೋಟಿ ರೂಪಾಯಿ. ಅದನ್ನು ಪ್ರತಿ ವರ್ಷ ತೆಗೆದಿಟ್ಟು, ಪಿಂಚಣಿಯ ಸಂಖ್ಯೆ ಮುಟ್ಟದೆ ಆಟ ಬಿಟ್ಟ ಪ್ರಥಮ ದರ್ಜೆ ಆಟಗಾರರ, ಆಟಗಾರ್ತಿಯರ ವೈದ್ಯಕೀಯ ವೆಚ್ಚಕ್ಕೂ ಮರುತರಬೇತಿಗೂ ತಾಲ್ಲೂಕು ಮೈದಾನಗಳಿಗೂ ಕೊಡಬೇಕು. ಭಾರತೀಯ ಕ್ರಿಕೆಟ್ ಮಂಡಳಿಗೆ ಹೊರೆಯಾಗುವ ಮೊತ್ತ ಅದಲ್ಲ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಪದಾಧಿಕಾರಿಗಳು, ಅವರಲ್ಲಿ ಅನೇಕರು ತಾವೇ ಆಡಿ ಬಂದವರು, ಈ ಬೇಡಿಕೆಯನ್ನು ಮಂಡಳಿಯ ಮುಂದಿಡಲಿ. ಡೇವಿಡ್ ಜಾನ್ಸನ್ ಜೊತೆ ಒಂದೇ ಡ್ರೆಸಿಂಗ್ ರೂಮಿನಲ್ಲಿ ಕೂತಿದ್ದವರು ಈ ಮಾತನ್ನು ಮೊದಲು ಎತ್ತಲಿ.